ಗೊಲ್ಲಾಳಪ್ಪನ ಚೋಪಡಿಯಲ್ಲಿ ಇಲ್ಲದವರು

ಅಕ್ಕಲಕೋಟೆ ಸೀಮೆಯ ಕುರಿಗಾರರ ಮನೆಗಳಲ್ಲಿ ಮುತ್ತಜ್ಜನ ಹೆಸರು ಮರೆತರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ; ಹೆಳವರ ಗೊಲ್ಲಾಳಪ್ಪನಿಗೆ ಅದು ಗೊತ್ತಿರುತ್ತಿತ್ತು. ಸುಗ್ಗಿ ಮುಗಿದೊಡನೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆಬಾಗಿಲಲ್ಲಿ ಆ ವಂಶದ ಹನ್ನೊಂದು ತಲೆಮಾರು ಹೇಳಿ, ಜೋಳ ಕಂಬಳಿ ಪಡೆದು ಹೋಗುವುದು ಅವನ ಕಸುಬು. ಇದ್ದದ್ದನ್ನು ಇದ್ದಂತೆ ಹೇಳುವವನು ಎಂಬ ಹೆಸರು ಬೇರೆ. ಹೊಗಳಿದರೆ ಮೀಸೆ ತಿರುವುತ್ತಿದ್ದ, ಹೊಗಳದಿದ್ದರೂ ತಿರುವುತ್ತಿದ್ದ.

೧೯೭೬ರಲ್ಲಿ ಆ ಸೀಮೆಯ ಕುರಿಗಾರ ಶಂಕರೆಪ್ಪನ ಎರಡನೆಯ ಮಗನೂ ತೀರಿಕೊಂಡ. ಮೊದಲನೆಯವನಿಗೆ ಹಾಲುಹಲ್ಲು ಬಿದ್ದಾಗ ರಕ್ತ ನಿಂತಿರಲಿಲ್ಲ. ಇವನು ಕುರಿಹಟ್ಟಿಯಲ್ಲಿ ಎಡವಿ ಬಿದ್ದು, ಸೊಲ್ಲಾಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ನರಳಿ ಹೋದ. ಮಣ್ಣು ಮಾಡಿ ಬಂದ ವಾರಕ್ಕೇ ಅತ್ತೆ ಮುಕ್ತಾಬಾಯಿ ಸೊಸೆ ಗುರುಬಾಯಿಯ ಮೇಲೆ ಹರಿಹಾಯ್ದಳು.

“ನಿನ್ನ ರಕ್ತಾನ ಕೆಟ್ಟದ. ತವರಿಗಿ ನಡಿ. ನನ್ನ ಮಗಗ ಬ್ಯಾರೆ ಲಗ್ನಾ ಮಾಡತೀನಿ.”

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಪುಣೆಯ ಡಾಕ್ಟರಬಾಯಿಯೊಬ್ಬಳು ವಂಶದಲ್ಲಿ ಇಳಿದುಬರುವ ರೋಗಗಳ ಮೇಲೆ ಸಂಶೋಧನೆ ನಡೆಸಿದ್ದಳು. ಮನೆತನದ ವಿವರ ಬಲ್ಲವರನ್ನು ಕರೆತರಲು ಹೇಳಿಕಳಿಸಿದ್ದಳು. ಬಲ್ಲವನೆಂದರೆ ಗೊಲ್ಲಾಳಪ್ಪನಲ್ಲದೆ ಮತ್ತಾರು! ತಮ್ಮ ವಂಶದಲ್ಲಿ ಕುಂದಿಲ್ಲವೆಂದು ತೋರಿಸಲು ಅತ್ತೆಗೂ ಅವನೇ ಬೇಕಿತ್ತು, ಸೊಸೆಗೂ ಅವನೇ.

“ಕಾಕಾ, ಈ ಮನ್ಯಾಗ ಹಿಂದ ಇಂಥಾದ್ದು ಆಗಿದ್ರ ಡಾಕ್ಟರಬಾಯೀಗಿ ಹೇಳ್ರಿ. ನನ್ನ ಉಳಸ್ರಿ,” ಎಂದಳು ಗುರುಬಾಯಿ, ಅತ್ತೆ, ಗಂಡನ ಹಿಂದೆ ಸೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ.

“ಚಿಂತಿ ಬಿಡವ್ವ. ಹನ್ನೊಂದು ತಲಿ ನನ್ನ ಬಗಲಾಗ ಅವ.”

ಡಾಕ್ಟರಬಾಯಿಯ ಮುಂದೆ ಅವನು ಕೆಂಪು ಬಟ್ಟೆ ಬಿಚ್ಚಿ, ವಂಶಾವಳಿ ಬರೆದಿಟ್ಟ ಚೋಪಡಿ ತೆಗೆದ. ಒಂದೊಂದು ಹೆಸರಿಗೂ ಅವಳು ಹಾಳೆಯ ಮೇಲೆ ಒಂದೊಂದು ಚೌಕ ಬರೆದಳು. ಆಮೇಲೆ, ಚಿಕ್ಕಂದಿನಲ್ಲೇ ಸತ್ತ ಗಂಡುಮಕ್ಕಳೆಲ್ಲಿ ಎಂದು ಮರಾಠಿಯಲ್ಲಿ ಕೇಳಿದಳು. ಲಗ್ನವಾದ ಮೇಲಷ್ಟೇ ಹೆಸರು ಏರುತ್ತದೆ ಎಂದ ಗೊಲ್ಲಾಳಪ್ಪ. ಹೆಣ್ಣುಮಕ್ಕಳು? ಹೆಣ್ಣು ಬರೆಯುವ ಪದ್ಧತಿಯಿಲ್ಲ. ಹೇಳುತ್ತ ಹೇಳುತ್ತ ಅವನಿಗೆ ನಾಚಿಕೆಯಾಯಿತು. ಅವನ ಹೊತ್ತಿಗೆಯಲ್ಲಿ ಒಂದು ಕೂಸೂ ಸತ್ತಿರಲಿಲ್ಲ, ಯಾರನ್ನೂ ಯಾವ ತಾಯಿಯೂ ಹೆತ್ತಿರಲಿಲ್ಲ.

ಡಾಕ್ಟರಬಾಯಿ ಗುರುಬಾಯಿಯ ಕಡೆ ತಿರುಗಿದಳು. ಗುರುಬಾಯಿಗೆ ಮರಾಠಿ ಅಷ್ಟಕ್ಕಷ್ಟೆ, ಗೊಲ್ಲಾಳಪ್ಪನೇ ಕೇಳಿದ, “ನಿನ್ನ ತವರಾಗ ಗಂಡುಹುಡುಗ್ರು ಯಾರರೆ ಸಣ್ಣಾಗಿದ್ದಾಗ ಹೋಗ್ಯಾರೇನವ್ವ?”

“ನನಗಿಂತ ಮುಂಚೆ ಒಬ್ಬ ಅಣ್ಣ ಇದ್ನಂತ್ರಿ. ಕಿವಿ ಚುಚ್ಚಿಸಿದಾಗ ಮೂರು ದಿನಾ ರಕ್ತ ಹೋಗಿ ಸತ್ನಂತ. ಪತ್ತಾರನ ಕೈಗುಣ ಸರಿ ಇರಲಿಲ್ಲಂತ ಅವ್ವ ಅಂತಿರ್ತಾಳ.”

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟು, ಮೆಲ್ಲಗೆ ಬಿಡಿಸಿ ಹೇಳಿದಳು. ಗೊಲ್ಲಾಳಪ್ಪ ಅದನ್ನು ಇದ್ದಂತೆಯೇ ಕನ್ನಡಕ್ಕೆ ಇಳಿಸಿದ. ಅದೇ ಅಲ್ಲವೇ ಅವನ ಹೆಸರು!

“ಈ ಜಡ್ಡು ತಾಯಿ ಕಡಿಂದ ಗಂಡಮಕ್ಕಳಿಗಿ ಬರ್ತದಂತ. ತಾಯಿಗಿ ಏನೂ ಆಗೂದಿಲ್ಲಂತ. ಅಪ್ಪನ ವಂಶಕ್ಕ ಸಂಬಂಧ ಇಲ್ಲಂತ.”

ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರಬಾಯಿ ಹೇಳಿದ್ದನ್ನೂ ಎರಡೆರಡು ಸಲ ಹೇಳಿದ. ಕೇಳಲು ಮುಕ್ತಾಬಾಯಿ ಅಲ್ಲಿರಲಿಲ್ಲ. ಸೆರಗು ಸಿಗಿಸಿಕೊಂಡು ಆಗಲೇ ಹೊರಗೆ ನಡೆದಿದ್ದಳು. ಗುರುಬಾಯಿ ಮಾತ್ರ ಎದ್ದಿರಲಿಲ್ಲ. ತನ್ನ ತಂಗಿಯ ಗತಿ ಏನೆಂದು ಗೊಲ್ಲಾಳಪ್ಪನ ಬಾಯಿಂದ ಕೇಳಿಸಿದಳು. ಅವಳಲ್ಲಿ ಇರಬಹುದು, ಇಲ್ಲದಿರಬಹುದು, ಖಚಿತವಾಗಿ ಹೇಳುವುದು ನಮ್ಮಿಂದ ಇನ್ನೂ ಆಗಿಲ್ಲ ಎಂದಳು ಡಾಕ್ಟರಬಾಯಿ. ಅವಳ ಮುಖವೂ ಬಾಡಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಶಂಕರೆಪ್ಪ ಹೆಂಡತಿಯನ್ನು ಉಟ್ಟ ಸೀರೆಯಲ್ಲೇ ಮಂಗಳವೇಢೆಯ ಬಸ್ಸು ಹತ್ತಿಸಿದ. ತವರು ಅಲ್ಲೇ. ಅವನ ಕಣ್ಣಲ್ಲಿ ನೀರಿತ್ತು. ಅಂಥ ಕಣ್ಣೀರು ಯಾರಿಗೆ ಬೇಕು? ಅವ್ವನ ಮಾತಿಗೆ ಎದುರು ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮ.

ಗೊಲ್ಲಾಳಪ್ಪ ಕಿಟಕಿಯ ಹತ್ತಿರ ಹೋದ. ಕ್ಷಮೆ ಕೇಳಬೇಕೆಂದುಕೊಂಡಿದ್ದ. ಅವಳು ಅದಕ್ಕೆ ಎಡೆ ಕೊಡಲಿಲ್ಲ.

“ಕಾಕಾ, ಮುಂದಿನ ತಿಂಗಳ ನಮ್ಮ ತಂಗಿ ರೇವಮ್ಮನ ಲಗ್ನಾ ಅದ. ಗಂಡನ ಮನಿ ಬಿಟ್ಟು ಯಾಕ ಬಂದಿ ಅಂತ ಅವ್ವ ಕೇಳ್ತಾಳ. ಖರೇ ಹೇಳಿದ್ರ ಅಕಿ ಲಗ್ನಾ ಮುರೀತದ. ಹೇಳದಿದ್ರ, ಅಕಿ ಕೂಸೂ ಹಿಂಗ ಹೋದ್ರ? ಏನ ಹೇಳ್ಲಿ?”

ಕಂಡಕ್ಟರ್ ಗಂಟೆ ಎಳೆದ. ಗೊಲ್ಲಾಳಪ್ಪ ಕಿಟಕಿಯ ಸರಳು ಹಿಡಿದು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದ. ಬಸ್ಸು ವೇಗ ಹಿಡಿದಾಗ ಸರಳು ಬಿಟ್ಟ. ಗುರುಬಾಯಿ ಕುತ್ತಿಗೆ ಹೊರಳಿಸಿ ಅವನನ್ನೇ ನೋಡುತ್ತಿದ್ದಳು, ಈಗಲಾದರೂ ಹೇಳಿಯಾನೆಂದು.