ಸುರಂಗದ ರೈಲು, ಬೆಟ್ಟದ ರೈಲು

ಆ ಶುಕ್ರವಾರ ಮಧ್ಯಾಹ್ನ ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಫ್ಲ್ಯಾಟಿನಲ್ಲಿ ನಾವು ನಾಲ್ಕು ಜನ ಇದ್ದೆವು: ನಾನು, ನನ್ನ ಹೆಂಡತಿ, ಎದುರು ಬಾಗಿಲಿನ ಅಕ್ಕ, ಕಾಲೇಜಿಗೆ ಸೇರಲಿದ್ದ ಅವರ ಮಗಳು. ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಉಡುಪಿ ಕಡೆಯ ತುಳು ಮಾತು, ಎದುರುಬದುರು ಬಾಗಿಲು. ಈ ಊರಿನಲ್ಲಿ ನೆಂಟಸ್ತಿಕೆಗೆ ಇಷ್ಟು ಸಾಕಲ್ಲ! ಅವರ ಯಜಮಾನರನ್ನು ನಾನು ಭಾವ ಎನ್ನುತ್ತಿದ್ದೆ. ದೂರದ ಸಹಮ್ ಪಟ್ಟಣದ ಅಂಗಡಿಗೆ ಮಾಲು ನೋಡಲು ಹೋದ ಭಾವ ಅಲ್ಲೇ ಕುಸಿದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡು ಆಗ ಐದಾರು ತಿಂಗಳಾಗಿತ್ತು. ಅಕ್ಕನಿಗೆ ಆಫೀಸಿನ ಕೆಲಸವಿದ್ದದ್ದರಿಂದ ತಾಯಿ ಮಗಳು ಇಲ್ಲೇ ಉಳಿದರು.

ಆಲ್ಪ್ಸ್ ಪರ್ವತ ನೋಡಬೇಕೆನ್ನುವುದು ಭಾವನ ಹುಚ್ಚು. ಅವರ ಮನೆಯ ರಜೆಯ ಮಾತೆಲ್ಲ ಅವರಿದ್ದಾಗಲೇ ಆಗಿತ್ತು, ಈಗ ತಾಯಿ ಮಗಳು ಇಬ್ಬರೇ ಹೋಗುವುದು. ಸ್ವಿಟ್ಜರ್‌ಲ್ಯಾಂಡಿನಿಂದ ಇಟಲಿಗೆ ಇಳಿಯಲು ಯಾವ ರೈಲು ಎನ್ನುವುದೊಂದೇ ಬಾಕಿ. ಒಂದು ರೈಲು ಬೆಟ್ಟದಡಿಯ ಉದ್ದ ಸುರಂಗಕ್ಕೆ ನುಗ್ಗಿ ಬೇಗ ಮುಟ್ಟಿಸುತ್ತದೆ. ಇನ್ನೊಂದು ಸುತ್ತಿ ಸುತ್ತಿ ಬೆಟ್ಟವನ್ನೇ ಹತ್ತಿ, ಹಿಮ, ಕೆರೆ ಎಲ್ಲ ತೋರಿಸಿಕೊಂಡು ನಿಧಾನಕ್ಕೆ ಇಳಿಯುತ್ತದೆ.

"ಫಾಸ್ಟ್ ಒನ್, ಮಾಮ," ಎಂದಳು ಮಗಳು. "ಇಡೀ ದಿನ ಟ್ರೇನಲ್ಲಿ ಯಾರು ಕೂರ್ತಾರೆ?"

"ನಾನೂ ಅದನ್ನೇ ಹೇಳುವುದು," ಎಂದರು ಅಕ್ಕ.

"ಅಲ್ಲ ಅಕ್ಕ, ಗುಡ್ಡೆ ನೋಡ್ಲಿಕ್ಕೆ ಹೋಗಿ ಗುಡ್ಡೆಯ ಹೊಟ್ಟೆ ಒಳಗೆ ಕೂರುವುದಾ? ಅದಕ್ಕೆ ನಮ್ಮ ಬಿಲ್ಡಿಂಗಿನ ಲಿಫ್ಟ್ ಸಾಕಲ್ಲ!" ಎಂದೆ ನಾನು.

"ನಿಮ್ಮದೊಂದು!" ಎಂದಳು ನನ್ನ ಹೆಂಡತಿ. ಅಕ್ಕ ನಗಲಿಲ್ಲ.

"ಸುರಂಗದಲ್ಲಿ ನಿನ್ನ ಭಾವನಿಗೆ ಬರ್ಲಿಕ್ಕೆ ಆಗ್ಲಿಕ್ಕಿಲ್ಲ, ಅಲ್ವಾ?" ಎಂದರು.

ನಮ್ಮ ಕಡೆ ಸತ್ತವರನ್ನು ಹಾಗೇ ಬಿಟ್ಟುಬಿಡುವುದಿಲ್ಲ. ಬೊಜ್ಜ ಎನ್ನುವ ಉತ್ತರಕ್ರಿಯೆಯಲ್ಲಿ ಹೊಸ್ತಿಲ ಬಳಿ ನಿಂತು, ಹೆಸರು ಹಿಡಿದು ಒಳಗೆ ಕರೆದು, ತೀರಿಹೋದ ಹಿರಿಯರ ಸಾಲಿಗೆ ಸೇರಿಸಿಕೊಳ್ಳುತ್ತೇವೆ. ಭಾವನನ್ನೂ ಊರಿನ ಮನೆಯಲ್ಲಿ ಹಾಗೆ ಕರೆದಾಗಿತ್ತು. ಆದರೆ ಮಸ್ಕತ್ತಿಗೆ ಮರಳಿದ ಅಕ್ಕನಿಗೆ ಮನಸ್ಸು ತಡೆಯಲಿಲ್ಲ. ಬದುಕೆಲ್ಲ ಇಲ್ಲಿ ಕಳೆದವರಿಗೆ ಅಲ್ಲಿ ಯಾರ ಪರಿಚಯ ಎಂದುಕೊಂಡು, ಇಲ್ಲಿಯ ಬಾಗಿಲನ್ನೂ ತೆರೆದಿಟ್ಟು ಇನ್ನೊಮ್ಮೆ ಕರೆದುಬಿಟ್ಟಿದ್ದರು. "ಎರಡು ಹೊಸ್ತಿಲಿಗೆ ಕರೆಸಿಕೊಂಡವನಿಗೆ ಎರಡು ಕಡೆಯೂ ಚಾಪೆಯಿಲ್ಲ" ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅದನ್ನು ಅಕ್ಕನಿಗೆ ಹೇಳಬೇಕಾದ್ದೇ ಇರಲಿಲ್ಲ, ಅವರಿಗೇ ಗೊತ್ತಾಗಿತ್ತು.

"ಬರ್ತಾರೆ, ಹೋಗ್ತಾರೆ," ಎಂದರು ಅಕ್ಕ. "ಅಡುಗೆಮನೆಯಲ್ಲಿ ನೀರಿನ ಕ್ಯಾನು ಗುಳುಗುಳು ಅಂತದೆ, ಹೋಗಿ ನೋಡಿದ್ರೆ ಯಾರೂ ಇಲ್ಲ. ಮಲಗಿದ್ರೆ ಹಾಸಿಗೆಯ ಆ ಬದಿ ತಗ್ಗುತ್ತದೆ. ನನಗೆ ಹೆದರಿಕೆ ಇಲ್ಲ. ಆದ್ರೆ ಅವರಿಗೆ ಸುಸ್ತಾಗಿದೆ ಮಾರಾಯ, ನನಗೂ. ನಿದ್ದೆ ಅಂದ್ರೆ ಎಂತ ಅಂತ ಮರ್ತೇ ಹೋಗಿದೆ. ಅಷ್ಟು ದೊಡ್ಡ ಕತ್ತಲೆಯಲ್ಲಿ ನನ್ನ ಕೈ ಬಿಟ್ರೆ ಸೀದಾ ಊರಿಗಾದ್ರೂ ಹೋದಾರು."

ಮಗಳು ನಗುತ್ತಾಳೆ, ಇಲ್ಲವೇ ಇಂಗ್ಲಿಷಿನಲ್ಲಿ ಗದರಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬೇಡ ಅಮ್ಮ. ಸ್ಲೋ ಟ್ರೇನೇ ಬುಕ್ ಮಾಡುವ."

"ಫಾಸ್ಟ್ ಬೇಕು ಅಂದವಳು ನೀನೇ ಅಲ್ವಾ?"

"ಅಷ್ಟು ಕತ್ತಲೆಯಲ್ಲಿ ಪಪ್ಪ ಒಬ್ರೇ ಎಂತ ಮಾಡ್ತಾರೆ?" ಎಂದಳು ಮಗಳು. "ನನ್ನ ರೂಮಿಗೂ ಬರ್ತಾರೆ. ಐ ನೆವರ್ ಟೋಲ್ಡ್ ಯು."

ನಮ್ಮದೇ ಏಸಿಯ ಸದ್ದು ನನಗೆ ಬೇರೆ ಯಾರದೋ ಉಸಿರಿನ ಹಾಗೆ ಕೇಳಿಸಿತು. ನನ್ನ ಹೆಂಡತಿ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿ ಬಂದಳು. ಯಾಕೆಂದು ಅವಳು ಈವರೆಗೂ ಹೇಳಿಲ್ಲ, ನಾನೂ ಕೇಳಿಲ್ಲ.

ಅಕ್ಕ ಮಗಳನ್ನೇ ನೋಡುತ್ತಿದ್ದರು. "ಮೊದಲೇ ಹೇಳ್ಬಾರ್ದಾ ಮಾರಾಯ್ತಿ," ಎಂದು ಅವಳ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ, "ನಿಧಾನದ್ದೇ ಮಾಡು. ಅವರೂ ನೋಡ್ಲಿ."

ಬೇಸಿಗೆ ರಜೆಯಲ್ಲಿ ತಾಯಿ ಮಗಳು ಬೆಟ್ಟದ ರೈಲಿನಲ್ಲೇ ಹೋದರು. ಆ ದಿನ ಮಗಳು ನಮಗೊಂದು ಫೋಟೋ ಕಳಿಸಿದಳು. ಗಾಜಿನಾಚೆ ಹಿಮದ ಬೆಟ್ಟ. ಈಚೆ ಅಕ್ಕ, ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿ, ಪಕ್ಕದ ಖಾಲಿ ಸೀಟಿನ ಕಡೆಗೆ ತಲೆ ವಾಲಿಸಿ. ರೈಲು ಹತ್ತಿದಾಗ ಮುಚ್ಚಿದ ಕಣ್ಣನ್ನು ಅವರು ಇಟಲಿ ಬರುವವರೆಗೆ ತೆರೆಯಲೇ ಇಲ್ಲವಂತೆ. ಮಗಳು ಎಬ್ಬಿಸಲಿಲ್ಲ.