ವಾರಗಿತ್ತಿಯ ಹಸುವಿನ ಮೆಲುಕು

1972ರಲ್ಲಿ ನಾನು ಹಲಸೂರಿನ ಕಡೆಯ ಒಂದು ಸರ್ಕಾರಿ ಪಶು ಚಿಕಿತ್ಸಾಲಯದಲ್ಲಿ ವೈದ್ಯನಾಗಿದ್ದೆ. ಅಲ್ಲಿನ ಹಾಲಿನವರು ಹಸುವನ್ನೇ ಇಂದಿರಾನಗರದ ಮನೆ ಬಾಗಿಲಿಗೆ ಹೊಡೆದುಕೊಂಡು ಹೋಗಿ, ಗಿರಾಕಿಯ ಕಣ್ಣೆದುರೇ ಹಾಲು ಕರೆದು ಕೊಡುತ್ತಿದ್ದ ಕಾಲ ಅದು.

ಬೇಸಿಗೆಯ ಒಂದು ಬೆಳಿಗ್ಗೆ ಕೆಂಪಮ್ಮ ಎಂಬ ಹಾಲಿನಾಕೆ ನನ್ನನ್ನು ಕರೆಸಿದರು. ಅವರ ಸಂಸಾರ ನಡೆಯುತ್ತಿದ್ದುದೇ ಒಂದು ಮಿಶ್ರತಳಿ ಹಸುವಿನಿಂದ. ಅದು ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ, ಮೆಲುಕು ಹಾಕಿರಲಿಲ್ಲ. ಸಗಣಿ ನೀರಾಗಿ, ನೊರೆ ಕಟ್ಟಿ, ಹುಳಿ ವಾಸನೆ ಬರುತ್ತಿತ್ತು. ಎಡ ಪಕ್ಕೆಗೆ ಕಿವಿಗೊಟ್ಟೆ. ರೂಮೆನ್, ಅಂದರೆ ಹಸುವಿನ ಮೊದಲ ದೊಡ್ಡ ಹೊಟ್ಟೆ, ಸದ್ದಿಲ್ಲದೆ ಬಿದ್ದಿತ್ತು.

"ಯಾರೋ ಕಣ್ಣು ಹಾಕವ್ರೆ ಡಾಕ್ಟ್ರೇ," ಎಂದರು ಕೆಂಪಮ್ಮ, ಪಕ್ಕದ ಕೊಟ್ಟಿಗೆಯ ಕಡೆ ನೋಡುತ್ತಾ. "ಗಿರಾಕಿಗಳು ಹಾಲು ತೆಳ್ಳಗಾಯ್ತು ಅಂತಾರೆ. ಅವರ ಮುಂದೇನೇ ಕರೀತೀನಿ, ನೀರೆಲ್ಲಿಂದ ಹಾಕ್ಲಿ?"

ನನಗೆ ಬೇಕಿದ್ದ ಸುಳಿವು ಅದೇ. ಮೇವಿನಲ್ಲಿ ನಾರು ಕಡಿಮೆಯಾದರೆ ಹಾಲಿನ ಕೊಬ್ಬು ಇಳಿಯುತ್ತದೆ. ಏನು ತಿನ್ನಿಸುತ್ತೀರಿ ಎಂದು ಎರಡೆರಡು ಸಲ ಕೇಳಿದ ಮೇಲೆ ವಿಷಯ ಹೊರಬಿತ್ತು. ಪಕ್ಕದ ಕೊಟ್ಟಿಗೆ ಅವರ ವಾರಗಿತ್ತಿ ಗೌರಮ್ಮನದು. ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತ್ತು. ಗೌರಮ್ಮನ ಹಸು ಹೊತ್ತಿಗೆ ಎರಡು ಲೀಟರ್ ಹೆಚ್ಚು ಕರೆಯುತ್ತಿತ್ತು. ಕರೆಯುವ ಹೊತ್ತಿಗೆ ಆಕೆ ಹಿಂಡಿ, ಬೂಸಾ ಕಲಸಿದ ಬಕೆಟ್ ಬೀದಿಗೆ ಒಯ್ಯುವುದನ್ನು ಕೆಂಪಮ್ಮ ದಿನವೂ ನೋಡುತ್ತಿದ್ದರು. ತಾವೂ ಅದರ ಎರಡರಷ್ಟು ಸುರಿದರು. ಹೊಟ್ಟೆಯಲ್ಲಿ ಜಾಗವಿರಲಿ ಎಂದು ರಾಗಿ ಹುಲ್ಲನ್ನು ಒಂದು ಹಿಡಿಗೆ ಇಳಿಸಿದರು. ಗೌರಮ್ಮನ ಹಸು ಹಿತ್ತಿಲಿನಲ್ಲಿ ಹಗಲಿಡೀ ಹುಲ್ಲು ಜಗಿಯುತ್ತಿದ್ದುದು ಗೋಡೆಯ ಈಚೆಗೆ ಕಾಣುತ್ತಿರಲಿಲ್ಲ.

ಹುಲ್ಲಿದ್ದರೆ ಹಸು ಮೆಲುಕು ಹಾಕುತ್ತದೆ, ಮೆಲುಕಿನಿಂದ ಜೊಲ್ಲು ಊರುತ್ತದೆ, ಆ ಜೊಲ್ಲು ಹಿಂಡಿ, ಬೂಸಾದಿಂದ ಏಳುವ ಹೊಟ್ಟೆಯ ಆಮ್ಲವನ್ನು ಮುರಿಯುತ್ತದೆ. ಹಿಂಡಿ ನಿಲ್ಲಿಸಿ ಅಡುಗೆ ಸೋಡಾ ಕರಗಿಸಿ ಕುಡಿಸಿದೆ. ಆದರೆ ಮೇವು ಅರಗಿಸುವ ಸೂಕ್ಷ್ಮಜೀವಿಗಳು ಆ ಆಮ್ಲಕ್ಕೆ ಸತ್ತಿದ್ದವು. ಆರೋಗ್ಯವಂತ ಹಸುವಿನ ಬಾಯಿಂದ ಆ ಜೀವಿಗಳಿರುವ ಮೆಲುಕಿನ ಉಂಡೆ ತೆಗೆದು ಇದಕ್ಕೆ ಕುಡಿಸಬೇಕಿತ್ತು. ಹತ್ತಿರವಿದ್ದುದು ಗೌರಮ್ಮನ ಹಸುವೇ.

"ಅವಳ್ದು ಬೇಡ. ಕೆ.ಆರ್. ಪುರದಲ್ಲಿ ನಮ್ಮ ತಮ್ಮನ ಹಸು ಐತೆ," ಎಂದರು ಕೆಂಪಮ್ಮ.

"ಅಷ್ಟೊತ್ತಿಗೆ ಇದು ಉಳಿದಿರುತ್ತೆ ಅಂತ ನಾನು ಹೇಳೋಕಾಗಲ್ಲಮ್ಮ."

ಅವರು ಗೋಡೆಯ ಬಳಿ ಹೋಗಿ ಕೂಗಿದರು. "ಗೌರಿ, ನಿನ್ನ ಹಸು ಮೆಲುಕು ಬೇಕು ಕಣೆ."

"ಕರು ಕೇಳ್ತೀಯ ಅಂದ್ಕೊಂಡಿದ್ದೆ, ಎಂಜಲು ಕೇಳ್ತೀಯಲ್ಲಕ್ಕಾ!" ಎಂದು ಗೌರಮ್ಮ ನಕ್ಕರು. ಆದರೂ ತಾವೇ ಹಸುವಿನ ಬಾಯಿಗೆ ಕೈಹಾಕಿ ಉಂಡೆ ತೆಗೆದುಕೊಟ್ಟರು. ಬೆಚ್ಚನೆಯ ನೀರಿನಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ಕುಡಿಸಿದೆವು. ಸಂಜೆಯೂ ಮರುದಿನವೂ ಅದನ್ನೇ ಮಾಡಿದೆವು.

ಮೂರನೆಯ ದಿನ ಹಸು ಹುಲ್ಲು ಎಳೆದು ತಿಂದು, ಮಲಗಿ ಮೆಲುಕು ಹಾಕಿತು. ಕೆಂಪಮ್ಮ ಅದರ ಕೊರಳಿಗೆ ಮುಖವಿಟ್ಟು ಅತ್ತರು.

ನಾನು ಸೈಕಲ್ ಹತ್ತುವಾಗ ಗೌರಮ್ಮ ಬೀದಿಯವರೆಗೆ ಬಂದು ದನಿ ತಗ್ಗಿಸಿದರು. "ಡಾಕ್ಟ್ರೇ, ನಮ್ಮ ಹಸು ಮೆಲುಕು ಕುಡಿದು ಅಕ್ಕನ ಹಸು ನಮ್ದಕ್ಕಿಂತ ಜಾಸ್ತಿ ಕರೆಯಲ್ಲ ತಾನೇ?"

ಕೊಟ್ಟಿಗೆಗೆ ಹೋದರೆ ಮೊದಲು ಮೇವು ವಿಚಾರಿಸು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಅಲ್ಲಿಂದಾಚೆ ನಿವೃತ್ತಿಯವರೆಗೂ ನಾನು ಮೊದಲು ಕೇಳುತ್ತಿದ್ದುದು ಪಕ್ಕದ ಮನೆಯ ಹಸು ಎಷ್ಟು ಕರೆಯುತ್ತದೆ ಎಂದು.