ಭಂಡಾರದ ಪೊಟ್ಟಣ

ಕೊಂಢವಾ ಬಡಾವಣೆಯ ಹನ್ನೆರಡು ಮಹಡಿಯ ಕಟ್ಟಡಕ್ಕೆ ಗಂಡ ಧರ್ಮರಾಜನ ಜೊತೆ ಇಟ್ಟಿಗೆ ಹೊರುವ ಭುವನೇಶ್ವರಿ ಸುಳ್ಳು ಹೇಳುವ ಹೆಂಗಸಲ್ಲ. ಹೇಳಿದ್ದು ಒಂದೇ ಸುಳ್ಳು, ಅದೂ ದೇವರ ಹೆಸರಿನಲ್ಲಿ.

ಯಾದಗಿರಿಯಿಂದ ಬಂದ ಹೊಸದರಲ್ಲಿ ಧರ್ಮರಾಜ ಅವಳನ್ನು ಎತ್ತಿಕೊಂಡು ಜೇಜುರಿಯ ಖಂಡೋಬನ ಗುಡಿಯ ಮೆಟ್ಟಿಲು ಹತ್ತಿದ್ದ. ಪದ್ಧತಿಗೆ ಹೊಸ ಗಂಡ ಹೆಂಡತಿಯನ್ನು ಹೊತ್ತು ಐದು ಮೆಟ್ಟಿಲು ಹತ್ತಿದರೆ ಸಾಕು. ಇವನು ಹಟಕ್ಕೆ ಬಿದ್ದು ಇಪ್ಪತ್ತು ಹತ್ತಿದ. ಈಗ ಅದೇ ಮನುಷ್ಯ ತೋಳಿಗೆ ಸೂಜಿ ಚುಚ್ಚಿಕೊಳ್ಳದೆ ಒಂದು ಬುಟ್ಟಿ ಎತ್ತಲಾರ. ಜಿಮ್ಮುಗಳ ಆಸುಪಾಸು ಕದ್ದುಮುಚ್ಚಿ ಮಾರುವ ಹುರುಪಿನ ಔಷಧ ಅದು. ಏರಿದರೆ ಹಸಿವಿಲ್ಲ, ನಿದ್ದೆಯಿಲ್ಲ. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು.

ಬೇಡಿಕೊಂಡಳು, ಜಗಳವಾಡಿದಳು, ಏನೂ ನಡೆಯಲಿಲ್ಲ. ಕೊನೆಗೆ ಮೆಡಿಕಲ್ ಅಂಗಡಿಯಿಂದ ಹಸಿವಿನ ಗುಳಿಗೆ ತಂದಳು. ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ; ಕೇಳುವ ರೂಢಿಯೇ ಅವನಿಗಿರಲಿಲ್ಲ. ಗುಳಿಗೆಯೆಂದರೆ ಗಂಡ ಉಗಿಯುತ್ತಾನೆ, ಖಂಡೋಬನ ಪ್ರಸಾದವಾದ ಭಂಡಾರಕ್ಕೆ ಮಾತ್ರ ಕಣ್ಣು ಮುಚ್ಚಿ ನಾಲಿಗೆ ಚಾಚುತ್ತಾನೆ. ಗುಳಿಗೆ ಕುಟ್ಟಿ ಆ ಅರಿಸಿನದಲ್ಲೇ ಬೆರೆಸಿಟ್ಟಳು. ದಿನಾ ಒಂದು ಚಿಟಿಕೆ.

ವಾರದೊಳಗೆ ಅವನು ಎರಡು ರೊಟ್ಟಿ ಉಂಡ. ದೇವರು ಕಣ್ಣು ಬಿಟ್ಟನೆಂದು ಅವಳಿಗೆ ಅಳುವೇ ಬಂತು. ಮರುದಿನ ಧರ್ಮರಾಜ ಗೊಣಗಿದ: "ಇವತ್ತ ಯಾಕೋ ಸೂಜಿ ಏರವಲ್ದು." ಇನ್ನೊಂದು ಚುಚ್ಚಿಕೊಂಡ. ಮಧ್ಯಾಹ್ನಕ್ಕೆ ಎದೆ ಹಿಡಿದು ಬಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರ ಮರಾಠಿಯನ್ನು ವಿಜಯಪುರ ಕಡೆಯ ನರ್ಸ್ ಮಾಧುರಿ ಕನ್ನಡದಲ್ಲಿ ಹೇಳುತ್ತಿದ್ದಳು. "ಸೂಜಿ ಬಿಟ್ಟು ಮತ್ತೇನ್ ತಗೊಂಡೀರಿ?"

"ದೇವರಾಣಿ ಏನಿಲ್ರಿ. ಮುಂಜಾನೆ ಭಂಡಾರ ಒಂದ," ಅಂದ ಧರ್ಮರಾಜ.

ಭುವನೇಶ್ವರಿ ಸೆರಗಿನ ಗಂಟು ಹಿಡಿದು ನಿಂತಳು. ಬಾಯಿ ಬಿಟ್ಟರೆ ಗಂಡ ಇನ್ನೆಂದೂ ನಂಬುವುದಿಲ್ಲ, ಬಿಡದಿದ್ದರೆ ಗಂಡನೇ ಉಳಿಯಲಿಕ್ಕಿಲ್ಲ. ಸೆರಗಿನ ಗಂಟು ಬಿಚ್ಚಿ ಪೊಟ್ಟಣವನ್ನು ಮಾಧುರಿಯ ಕೈಗಿಟ್ಟಳು. "ಇದರಾಗ ಹಸಿವಿನ ಗುಳಿಗಿ ಹಾಕೀನ್ರಿ."

ಡಾಕ್ಟರು ಹೇಳಿದ್ದನ್ನು ಮಾಧುರಿ ಮೆಲ್ಲಗೆ ಹೇಳಿದಳು. "ಈ ಗುಳಿಗಿ ಮಿದುಳಿನ್ಯಾಗ ಸೆರೊಟೋನಿನ್ ಅನ್ನೋದನ್ನ ತಡೀತದ. ಅದಕ್ಕ ಸೂಜಿ ಏರಿದ್ದು ಇವರಿಗೆ ಗೊತ್ತಾಗಿರಲಿಕ್ಕಿಲ್ಲ. ಆದ್ರ ಎದಿ ಓಡೂದು ನಿಲ್ಲಂಗಿಲ್ಲ. ಏರಿಲ್ಲಂತ ಮತ್ತೊಂದು ತಗೊಂಡಾರ."

ಧರ್ಮರಾಜ ಗೋಡೆಯ ಕಡೆ ಮುಖ ತಿರುಗಿಸಿದ.

ಜೀವ ಉಳಿಯಿತು. ಎಂಟನೆಯ ದಿನ ಕಟ್ಟಡದ ಬಳಿಯ ತಮ್ಮ ಶೆಡ್ಡಿಗೆ ಬಂದ ಮೇಲೆ ಅವಳು ಬಿಸಿ ರೊಟ್ಟಿ ಮುರಿದು ಅವನ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ.

"ಮೊದಲ ನೀ ತಿನ್ನು," ಅಂದ.

ತುತ್ತು ಬಾಯಿಗಿಟ್ಟುಕೊಂಡಳು. ಅಗಿದಳು. ಅವನು ನೋಡುತ್ತಲೇ ಇದ್ದ, ಅದಕ್ಕೆ ನುಂಗಿದಳು.